ಗೇಮ್ ಮುಗಿದ ಮೇಲೆ ಪ್ರಚಾರ ಎಂಬ ತಪ್ಪು ಲೆಕ್ಕ

‘ಮೊದಲು ಗೇಮ್ ಮುಗೀಲಿ, ಪ್ರಚಾರದ ವಿಷಯ ಆಮೇಲೆ ನೋಡೋಣ.’ ಯಾವ ಕಂಪನಿಯ ಆಸರೆಯೂ ಇಲ್ಲದೆ ಸ್ವಂತ ಬಲದಿಂದ ವಿಡಿಯೊ ಗೇಮ್ ಮಾಡಲು ಹೊರಟವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಕೆಲಸದ ಮೇಲೆ ಶ್ರದ್ಧೆ ಇರುವವರ ಮಾತು ಅದು, ಅನುಮಾನವಿಲ್ಲ. ಆದರೆ ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ ಗೇಮ್ ಯಾರ ಕಣ್ಣಿಗೂ ಬೀಳದೆ ಮುಳುಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪಿಸಿ ಗೇಮ್‌ಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್‌ಗೆ 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಗೇಮ್‌ಗಳು ಬಂದವು. ದಿನಕ್ಕೆ ಸುಮಾರು ಐವತ್ತು. ಇಂದು ಬಂದದ್ದನ್ನು ನೋಡಿ ಮುಗಿಸುವಷ್ಟರಲ್ಲಿ ನಾಳೆಯ ಐವತ್ತು ಬಂದು ಕೂತಿರುತ್ತವೆ.

ಗೇಮ್ ಚೆನ್ನಾಗಿದ್ದರೆ ತಾನಾಗಿಯೇ ಮಾರಾಟವಾಗುತ್ತದೆ ಎಂದು ವಾದಿಸುವವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷಿ ‘ಸ್ಟಾರ್‌ಡ್ಯೂ ವ್ಯಾಲಿ’. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ಕೋಡ್, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಒಬ್ಬನೇ ಮಾಡಿದ ಬೇಸಾಯದ ಗೇಮ್ ಅದು. ಸುಮಾರು ನಾಲ್ಕೂವರೆ ವರ್ಷ ದುಡಿದು 2016ರ ಫೆಬ್ರವರಿ 26ರಂದು ಬಿಡುಗಡೆ ಮಾಡಿದ. ಎರಡು ತಿಂಗಳಲ್ಲಿ ಹತ್ತು ಲಕ್ಷ ಪ್ರತಿಗಳು ಹೋದವು. 2024ರ ಕೊನೆಯ ಹೊತ್ತಿಗೆ ಲೆಕ್ಕ 4.1 ಕೋಟಿ ಮುಟ್ಟಿತು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕೂತು ಮಾಡಿದ, ಒಂದು ದಿನ ಹೊರಗೆ ತಂದಿಟ್ಟ, ಜಗತ್ತು ಮುಗಿಬಿದ್ದಿತು ಎಂಬಂತೆ ಈ ಕಥೆ ಹರಡಿದೆ.

ನಡೆದದ್ದು ಹಾಗಲ್ಲ. ಬಿಡುಗಡೆಗೆ ಮೂರು ವರ್ಷಕ್ಕೂ ಮೊದಲೇ, 2012ರಲ್ಲಿ, ಬರೋನ್ ತನ್ನ ಗೇಮನ್ನು ಸ್ಟೀಮ್‌ನ ಗ್ರೀನ್‌ಲೈಟ್‌ನಲ್ಲಿ ಇಟ್ಟಿದ್ದ. ಯಾವ ಗೇಮ್ ಅಂಗಡಿಗೆ ಬರಬೇಕು ಎಂದು ಆಟಗಾರರೇ ಮತ ಹಾಕುತ್ತಿದ್ದ ವ್ಯವಸ್ಥೆ ಅದು. ಆಮೇಲೂ ಕೆಲಸ ಎಲ್ಲಿಗೆ ಬಂತು, ಯಾವ ಚಿತ್ರವನ್ನು ಅಳಿಸಿ ಮತ್ತೆ ಬರೆದ ಎಂಬುದನ್ನು ಆಸಕ್ತರ ಮುಂದೆ ಬಿಚ್ಚಿಡುತ್ತಲೇ ಬಂದ. ಚಕಲ್‌ಫಿಶ್ ಎಂಬ ಬ್ರಿಟಿಷ್ ಸಂಸ್ಥೆ ಗಮನಿಸಿ ಪ್ರಕಾಶಕನಾಗಲು ಮುಂದೆ ಬಂದದ್ದೂ ಹೀಗೆಯೇ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಹಳೆಯ ‘ಹಾರ್ವೆಸ್ಟ್ ಮೂನ್’ ಸರಣಿಯನ್ನು ಬಾಲ್ಯದಲ್ಲಿ ಆಡಿ, ಅಂಥದ್ದು ಪಿಸಿಯಲ್ಲಿ ಸಿಗದೆ ಚಡಪಡಿಸುತ್ತಿದ್ದವರ ಗುಂಪೊಂದು ಆಗಲೇ ಇತ್ತು. ಈ ಗೇಮ್ ಯಾರಿಗಾಗಿ ಎಂಬ ಪ್ರಶ್ನೆಗೆ ಬರೋನ್ ಬಳಿ ಮೊದಲ ದಿನದಿಂದಲೇ ಉತ್ತರವಿತ್ತು. ಪ್ರಚಾರ ಎಂಬ ಕೆಲಸ ಶುರುವಾಗುವುದು ಅಲ್ಲಿಂದ. ಟ್ರೈಲರ್, ಪೋಸ್ಟರ್ ಎಲ್ಲ ಅದರ ಬೆನ್ನಿಗೆ ಬರುವಂಥವು.

ಬಾಯಿಬಿಟ್ಟರೆ ಐಡಿಯಾ ಕದಿಯುತ್ತಾರೆ ಎಂಬ ಭಯ, ಪ್ರಚಾರ ಆಮೇಲೆ ಎಂಬ ನಂಬಿಕೆಯ ಜೊತೆಗೇ ಬೆಳೆಯುತ್ತದೆ. ಭಯ ಪೂರ್ತಿ ಸುಳ್ಳೂ ಅಲ್ಲ. 2014ರ ಫೆಬ್ರವರಿಯಲ್ಲಿ ಬಂದ ‘ತ್ರೀಸ್’ ಎಂಬ ಅಂಕಿಗಳ ಮೊಬೈಲ್ ಗೇಮನ್ನು ಅದರ ಕರ್ತೃಗಳು ಹದಿನಾಲ್ಕು ತಿಂಗಳು ತಿದ್ದಿ ತೀಡಿದ್ದರು. ಮಾರ್ಚ್‌ನಲ್ಲಿ ಗೇಬ್ರಿಯೇಲ್ ಚಿರುಲ್ಲಿ ಎಂಬ ಇಟಲಿಯ ಹುಡುಗ ಒಂದು ವಾರಾಂತ್ಯದಲ್ಲಿ ಮಾಡಿ ಉಚಿತವಾಗಿ ಹಂಚಿದ ‘2048’ ಅದನ್ನು ಮೀರಿ ಮನೆಮಾತಾಯಿತು. ನೆನಪಿಡಬೇಕಾದ ಅಂಶವೆಂದರೆ, ನಕಲುಗಳು ಹುಟ್ಟಿದ್ದು ಬಿಡುಗಡೆಯಾದ ಮೇಲೆ. ಗುಟ್ಟು ಕಾಪಾಡಿಕೊಂಡಿದ್ದರೂ ತ್ರೀಸ್‌ಗೆ ಅದು ತಪ್ಪುತ್ತಿರಲಿಲ್ಲ. ಇನ್ನೊಂದು ಕಡೆ ‘ಅಂಡರ್‌ಟೇಲ್’ ನೋಡಿ. ಅದನ್ನು ಮಾಡಿದ ಟೋಬಿ ಫಾಕ್ಸ್ 2013ರ ಮೇ ತಿಂಗಳಲ್ಲಿ, ಬಿಡುಗಡೆಗೆ ಎರಡು ವರ್ಷಕ್ಕೂ ಮುಂಚೆ, ಆಡಬಹುದಾದ ಡೆಮೊ ಹೊರಬಿಟ್ಟರು. ಮುಂದಿನ ತಿಂಗಳು, ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 5,000 ಡಾಲರ್. ಬಂದದ್ದು 51,000 ಡಾಲರ್‌ಗೂ ಹೆಚ್ಚು. ಡೆಮೊ ಆಡಿದವರು ಕದಿಯಲು ಹೋಗಲಿಲ್ಲ, ಪೂರ್ತಿ ಗೇಮ್‌ಗಾಗಿ ಕಾದರು.

ಕಾಯುವವರನ್ನು ಸ್ಟೀಮ್ ಲೆಕ್ಕ ಇಡುವುದು ವಿಶ್‌ಲಿಸ್ಟ್, ಅಂದರೆ ಬೇಕೆನಿಸಿದ ಗೇಮ್‌ಗಳನ್ನು ಆಟಗಾರರು ಗುರುತು ಹಾಕಿಟ್ಟುಕೊಳ್ಳುವ ಪಟ್ಟಿಯ ಮೂಲಕ, ಮತ್ತು ಅಪ್‌ಲೋಡ್ ಮಾಡಿ ಬಟನ್ ಒತ್ತಿದರೆ ಬಿಡುಗಡೆ ಆಯಿತು ಎಂಬ ನಂಬಿಕೆ ಮುಗ್ಗರಿಸುವುದೂ ಇಲ್ಲಿಯೇ. ಪ್ರತಿ ಗೇಮ್‌ಗೂ 100 ಡಾಲರ್ ಶುಲ್ಕ ಕಟ್ಟಬೇಕು. ಮಾರಾಟ 1,000 ಡಾಲರ್ ಮುಟ್ಟಿದರೆ ಅದು ವಾಪಸ್ಸು. ಹೊಸಬರು ಶುಲ್ಕ ಕಟ್ಟಿದ ಮೇಲೆ 30 ದಿನ ಕಾಯಲೇಬೇಕು. ‘ಶೀಘ್ರದಲ್ಲೇ’ ಎನ್ನುವ ಸ್ಟೋರ್ ಪೇಜ್ ಕನಿಷ್ಠ ಎರಡು ವಾರ ಜನರಿಗೆ ಕಾಣುವಂತಿರಬೇಕು. ಬಹಳ ಜನ ಈ ಎರಡು ವಾರವನ್ನೇ ಸಾಕು ಎಂದುಕೊಳ್ಳುತ್ತಾರೆ. ನಿಯಮ ಕೇಳುವ ಕನಿಷ್ಠವನ್ನು ಕೆಲಸಕ್ಕೆ ಬೇಕಾದ ಕಾಲ ಎಂದು ತಿಳಿಯುತ್ತಾರೆ. ವಿಶ್‌ಲಿಸ್ಟ್‌ಗೆ ಹಾಕಿಕೊಂಡವರಿಗೆ ಬಿಡುಗಡೆಯ ದಿನ ಸ್ಟೀಮ್ ತಾನೇ ಇಮೇಲ್ ಕಳಿಸುತ್ತದೆ. ಎರಡು ವಾರದಲ್ಲಿ ಇನ್ನೂರು ಜನ ಸೇರಿದ್ದರೆ ಇನ್ನೂರು ಇಮೇಲ್, ಒಂದು ವರ್ಷದಲ್ಲಿ ಇಪ್ಪತ್ತು ಸಾವಿರ ಜನ ಸೇರಿದ್ದರೆ ಇಪ್ಪತ್ತು ಸಾವಿರ. ಅದಕ್ಕೇ, ತೋರಿಸಲು ಯೋಗ್ಯವಾದ ಐದು ಸ್ಕ್ರೀನ್‌ಶಾಟ್ ಮತ್ತು ಗೇಮ್ ಏನೆಂದು ಹೇಳುವ ಎರಡು ನೇರ ಸಾಲು ಕೈಗೆ ಬಂದ ದಿನವೇ ಪೇಜ್ ತೆರೆಯುವುದು ಜಾಣತನ.

ಡೆಮೊ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ ನಡೆಯುವ, ಡೆಮೊಗಳ ಉತ್ಸವವಾದ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಗೇಮ್ ಒಂದೇ ಸಲ ಪಾಲ್ಗೊಳ್ಳಬಹುದು. ಅರೆಬೆಂದ ಡೆಮೊ ಹಿಡಿದು ಹೋದರೆ ಆ ಒಂದು ಅವಕಾಶ ಅಲ್ಲಿಗೆ ಮುಗಿಯಿತು. ಪೇಜ್ ಆದಷ್ಟು ಬೇಗ, ಡೆಮೊ ಹದಬಂದ ಮೇಲೆ: ಈ ಎರಡನ್ನು ತಿರುಗುಮುರುಗು ಮಾಡಿಕೊಂಡವರು ಬಹಳ.

ಬಿಡುಗಡೆಯ ನಂತರ ಲೆಕ್ಕ ಬದಲಾಗುತ್ತದೆ. ವಿಶ್‌ಲಿಸ್ಟ್ ಸಂಖ್ಯೆ ದೊಡ್ಡದಿದ್ದರೆ ಸ್ಟೀಮ್ ಎಂದೆಂದಿಗೂ ಮೇಲೆತ್ತಿ ತೋರಿಸುತ್ತದೆ ಎಂಬುದೂ ಒಂದು ತಪ್ಪು ಕಲ್ಪನೆ. ಬರಲಿರುವ ಜನಪ್ರಿಯ ಗೇಮ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೆಲೆಯಿದೆ. ಗೇಮ್ ಹೊರಬಂದ ಮೇಲೆ ಅಂಗಡಿ ನೋಡುವುದು ಜನ ನಿಜಕ್ಕೂ ಕೊಳ್ಳುತ್ತಿದ್ದಾರೆಯೇ, ಆಡುತ್ತಿದ್ದಾರೆಯೇ ಎಂಬುದನ್ನು. ಕೊಂಡವರ ಹತ್ತು ರಿವ್ಯೂ ಬರುವವರೆಗೆ ಪೇಜಿನಲ್ಲಿ ಒಟ್ಟು ಅಭಿಪ್ರಾಯದ ಸಾಲೇ ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈಕೊಡುವ ಗೇಮಾದರೆ ಹಣ ವಾಪಸ್ ಪಡೆಯುವುದು ಕಷ್ಟವಲ್ಲ: ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸಾಕು. ಮೊದಲ ಎರಡು ಗಂಟೆಯನ್ನು ತಿದ್ದುವುದೂ ಮಾರಾಟದ ಕೆಲಸವೇ.

ಇನ್ನು ‘ಒಬ್ಬ ದೊಡ್ಡ ಸ್ಟ್ರೀಮರ್ ಆಡಿಬಿಟ್ಟರೆ ಸಾಕು’ ಎಂಬ ಆಸೆ. ‘ವ್ಯಾಂಪೈರ್ ಸರ್ವೈವರ್ಸ್’ ಇದಕ್ಕೆ ಪುಷ್ಟಿ ಕೊಡುವಂತೆ ಕಾಣುತ್ತದೆ. ಲೂಕಾ ಗಲಾಂಟೆ 2021ರ ಡಿಸೆಂಬರ್‌ನಲ್ಲಿ ಅದನ್ನು ಮೂರು ಡಾಲರ್‌ಗೂ ಕಡಿಮೆ ಬೆಲೆಗೆ ಸ್ಟೀಮ್‌ಗೆ ತಂದಾಗ ಕೇಳುವವರಿರಲಿಲ್ಲ. ಜನವರಿಯಲ್ಲಿ ಯೂಟ್ಯೂಬ್ ವಿಡಿಯೊಗಳು ಬಂದವು, ಏಕಕಾಲಕ್ಕೆ ಆಡುವವರ ಸಂಖ್ಯೆ ಹತ್ತಾರು ಸಾವಿರಕ್ಕೆ ಏರಿತು. 2023ರಲ್ಲಿ ಅತ್ಯುತ್ತಮ ಗೇಮ್ ಎಂದು ಬಾಫ್ಟಾ ಪ್ರಶಸ್ತಿಯೂ ಬಂತು. ಆದರೆ ಆ ವಿಡಿಯೊ ನೋಡಿದವರು ಅಂದೇ ಕೊಳ್ಳಬಹುದಾದ ಗೇಮ್ ಅಂಗಡಿಯಲ್ಲಿತ್ತು. ಅದಕ್ಕೂ ಮೊದಲು ಬ್ರೌಸರ್‌ನಲ್ಲಿ ತಿಂಗಳುಗಟ್ಟಲೆ ಆಡಿಸಿ ನೋಡಿದ್ದೂ ಆಗಿತ್ತು. ಮೂವತ್ತು ನಿಮಿಷದ ಒಂದು ಆಟ, ಪರದೆ ತುಂಬುವ ಶತ್ರುಗಳು: ನೋಡುವವರಿಗೆ ಒಂದೇ ನಿಮಿಷದಲ್ಲಿ ಅರ್ಥವಾಗುವ ರಚನೆ. ಸ್ಟ್ರೀಮರ್ ಯಾವಾಗ ಬರುತ್ತಾರೆಂದು ಯಾರೂ ಹೇಳಲಾರರು. ಬಂದಾಗ ಗೇಮ್ ಅವರ ಕೈಗೆ ಸಿಗುವಂತೆ, ಆಡಲು ತಯಾರಾಗಿರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಸಣ್ಣ ಚಾನೆಲ್‌ಗಳಿಗೆ ಬಿಡುಗಡೆಗೆ ಮೊದಲೇ ಗೇಮ್ ತೆರೆಯುವ ಕೀ ಕಳಿಸುವುದು, ಅವರು ಆಡುವ ಬಗೆಯ ಗೇಮೇ ಇದು ಎಂದು ಎರಡು ಸಾಲಿನಲ್ಲಿ ತಿಳಿಸುವುದು ದುಡ್ಡು ಬೇಡದ ಕೆಲಸ.

ದಿನಾಂಕ ಯಾವುದಾದರೇನು ಎನ್ನುವವರಿಗೆ 2025 ಒಳ್ಳೆಯ ಪಾಠ ಹೇಳಿತು. ಆಸ್ಟ್ರೇಲಿಯಾದ ಟೀಮ್ ಚೆರ್ರಿ ತಂಡ ವರ್ಷಗಟ್ಟಲೆ ಕಾಯಿಸಿದ ‘ಸಿಲ್ಕ್‌ಸಾಂಗ್’ ಸೆಪ್ಟೆಂಬರ್ 4ಕ್ಕೆ ಬರುತ್ತದೆಂದು ಆಗಸ್ಟ್ 21ರಂದು ಘೋಷಿಸಿತು. ನಡುವೆ ಇದ್ದದ್ದು ಸರಿಯಾಗಿ ಎರಡೇ ವಾರ. ದೊಡ್ಡ ನಟನ ಚಿತ್ರ ಬರುವ ಶುಕ್ರವಾರ ಗಾಂಧಿನಗರದ ಸಣ್ಣ ನಿರ್ಮಾಪಕರು ಹಿಂದೆ ಸರಿಯುವಂತೆ, ‘ಡೆಮನ್‌ಸ್ಕೂಲ್’, ‘ಬೇಬಿ ಸ್ಟೆಪ್ಸ್’ ಮುಂತಾದ ಹಲವು ಇಂಡೀ, ಅಂದರೆ ಸ್ವತಂತ್ರ ತಂಡಗಳ ಗೇಮ್‌ಗಳು ದಿನ ಬದಲಿಸಿದವು. ಹಾಗೆ ಸರಿದದ್ದು ಹೇಡಿತನವಲ್ಲ. ಆ ವಾರ ಆಟಗಾರರ ಹಣ, ಬಿಡುವು, ಪತ್ರಕರ್ತರ ಗಮನ ಮೂರೂ ಒಂದೇ ಕಡೆ ಹೋಗುವುದು ಖಚಿತವಿತ್ತು.

ಪಬ್ಲಿಷರ್ ಸಿಕ್ಕರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊಟ್ಟ ಮುಂಗಡ ವಸೂಲಾಗುವವರೆಗೆ ಮಾಡಿದವರಿಗೆ ಪಾಲು ಎಷ್ಟು ಎಂಬುದನ್ನು ಸಹಿ ಹಾಕುವ ಮೊದಲು ಓದಿಕೊಂಡರೆ ಭ್ರಮೆ ತಾನಾಗಿ ಇಳಿಯುತ್ತದೆ.

ಭಾರತದಲ್ಲಿ ಇನ್ನೊಂದು ಬೇರೂರಿದ ಅನುಮಾನವಿದೆ: ನಮ್ಮ ಕಥೆ, ನಮ್ಮ ಊಟ, ನಮ್ಮ ಮಾತು ಹೊರಗಿನವರಿಗೆ ಬೇಡ. ಪುಣೆಯ ನಾಡಿಂಗ್ ಹೆಡ್ಸ್ ತಂಡ ಮಾಡಿದ ‘ರಾಜಿ’ ಇದಕ್ಕೆ ಉತ್ತರ. ದೇವರು, ಅಸುರರು, ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಆ ಗೇಮ್‌ಗಾಗಿ 2017ರಲ್ಲಿ ನಡೆಸಿದ ಕಿಕ್‌ಸ್ಟಾರ್ಟರ್ ಗುರಿ ಮುಟ್ಟಲಿಲ್ಲ. ತಂಡ ಕೈಬಿಡಲಿಲ್ಲ. 2020ರ ಆಗಸ್ಟ್ 18ರಂದು ನಿಂಟೆಂಡೊ ತನ್ನ ಇಂಡೀ ಪ್ರದರ್ಶನದಲ್ಲಿ ಅದನ್ನು ತೋರಿಸಿತು, ಅಂದೇ ಸ್ವಿಚ್‌ನಲ್ಲಿ ಬಿಡುಗಡೆಯಾಯಿತು, ವರ್ಷದ ಕೊನೆಗೆ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಇಂಡೀ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಣ್ಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ. ಇಡ್ಲಿ ಬೇಯಿಸುವುದೇ ಅಲ್ಲಿನ ಒಂದು ಒಗಟು. 2024ರಲ್ಲಿ ಅದಕ್ಕೆ ಚೊಚ್ಚಲ ಗೇಮ್ ವಿಭಾಗದ ಬಾಫ್ಟಾ ಬಂತು.

ಪ್ರಚಾರವೂ ಗೇಮ್ ಮಾಡುವ ಕೆಲಸದ ಭಾಗ ಎಂಬ ಈ ಮಾತು ಬೆಂಗಳೂರಿಗೆ ಹೆಚ್ಚು ತಟ್ಟಬೇಕು. 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾದ ಊರು ಇದು. ‘ಫೋರ್ಜಾ’ದಂಥ ಹೆಸರಾಂತ ಗೇಮ್‌ಗಳಿಗೆ ಇಲ್ಲಿಯ ಕಲಾವಿದರ ಕೈ ಸೇರಿದೆ. ಆದರೆ ಗುತ್ತಿಗೆ ಕೆಲಸದಲ್ಲಿ ಮಾರುವ ಚಿಂತೆ ಹೊರದೇಶದ ಕಂಪನಿಯದು. ಮಾದರಿ, ಬಣ್ಣ, ಕೋಡ್ ಎಲ್ಲ ಬಲ್ಲವರಿಗೂ ತಮ್ಮದೇ ಗೇಮನ್ನು ಜನರ ಮುಂದಿಡುವ ಅನುಭವ ಸಿಗದೆ ಹೋಗುವುದು ಹೀಗೆ. ಸಣ್ಣ ಸಂಗತಿಗಳೂ ಹಾಗೆಯೇ ತಪ್ಪಿಹೋಗುತ್ತವೆ. ಸ್ಟೀಮ್ ಖಾತೆಯ ತೆರಿಗೆ ಪ್ರಶ್ನಾವಳಿಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ಒಪ್ಪಂದದ ದರ ಕೇಳದಿದ್ದರೆ, ಅಮೆರಿಕದ ಮಾರಾಟದಿಂದ ಬರುವ ಪಾಲಿನಲ್ಲಿ ಶೇ 15ರ ಬದಲು ಶೇ 30 ಕಡಿತವಾಗುತ್ತದೆ. ಸ್ಟೀಮ್ ತಾನು ಹಿಡಿದುಕೊಳ್ಳುವ ಶೇ 30 ಬೇರೆ.

ಮೊದಲ ವಾರ ಸೋತರೆ ಕಥೆ ಮುಗಿಯಿತು ಎಂಬುದು ಕಡೆಯ ತಪ್ಪು ಕಲ್ಪನೆ. ಮೊದಲ ವಾರ ಮುಖ್ಯ ನಿಜ, ಆದರೆ ವಿಶ್‌ಲಿಸ್ಟ್‌ನಲ್ಲಿ ಉಳಿದವರಿಗೆ ಶೇ 20 ಅಥವಾ ಹೆಚ್ಚಿನ ರಿಯಾಯಿತಿ ಕೊಟ್ಟಾಗಲೆಲ್ಲ ಮತ್ತೆ ಇಮೇಲ್ ಹೋಗುತ್ತದೆ. ‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಮಾತು ಕೊಟ್ಟಷ್ಟು ಕೊಡಲಿಲ್ಲವೆಂದು ಬೈಸಿಕೊಂಡಿತು; ವರ್ಷ ವರ್ಷವೂ ಉಚಿತ ಅಪ್‌ಡೇಟ್ ಕೊಟ್ಟು, 2024ರಲ್ಲಿ ಸ್ಟೀಮ್‌ನ ಒಟ್ಟು ರಿವ್ಯೂಗಳಲ್ಲಿ ಬಹಳ ಮೆಚ್ಚುಗೆ ಪಡೆದ ಗೇಮ್‌ಗಳ ಸಾಲಿಗೆ ಏರಿತು. ಇನ್ನರ್‌ಸ್ಲಾತ್ ಎಂಬ ಪುಟ್ಟ ತಂಡ 2018ರಲ್ಲಿ ತಂದ ‘ಅಮಂಗ್ ಅಸ್’ ಎರಡು ವರ್ಷ ಮೂಲೆಯಲ್ಲಿತ್ತು. 2020ರಲ್ಲಿ ಸ್ಟ್ರೀಮರ್‌ಗಳು ಅದನ್ನು ಎತ್ತಿಕೊಂಡು ಕೋಟ್ಯಂತರ ಜನ ಆಡತೊಡಗಿದಾಗ ತಂಡ ಆಗಸ್ಟ್‌ನಲ್ಲಿ ಎರಡನೇ ಭಾಗ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿ, ಜನ ಆಡುತ್ತಿರುವ ಹಳೆಯ ಗೇಮನ್ನೇ ಸರಿಪಡಿಸಲು ಕೂತಿತು.