ಬೆಂಕಿಯಿಲ್ಲದ ಬೆಸುಗೆ

ಬಳಸಿ ಎಸೆಯುವ ಮೂರು ಪದರದ ಹೊಸ ಮಾಸ್ಕ್ ಒಂದನ್ನು ತರಗತಿಗೆ ತನ್ನಿ. ಕಿವಿಯ ದಾರ ಮಾಸ್ಕಿಗೆ ಕೂಡಿರುವ ಜಾಗವನ್ನು ಮಕ್ಕಳಿಗೆ ತೋರಿಸಿ. ಹೊಲಿಗೆ ಇಲ್ಲ, ಗೋಂದೂ ಇಲ್ಲ. ಒತ್ತಿದ ಸಣ್ಣ ಗುರುತು ಅಷ್ಟೇ. "ಇದನ್ನ ಹೇಗೆ ಅಂಟಿಸಿದ್ರು?" ಅಂತ ಕೇಳಿ. ಸಾಮಾನ್ಯವಾಗಿ ಈ ಕೆಲಸ ಮಾಡುವುದು ಶ್ರವಣಾತೀತ ಕಂಪನ. ಇದೇ ಅಲ್ಟ್ರಾಸಾನಿಕ್ ವೆಲ್ಡಿಂಗ್.

ಮನೆಗೆ ಬರುವ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಯಂತ್ರದ ಜನರೇಟರ್ ಅದನ್ನು ಸುಮಾರು 20,000 ಹರ್ಟ್ಸ್‌ಗೆ ಏರಿಸುತ್ತದೆ. ನಾಜೂಕಾದ ಭಾಗಗಳಿಗೆ 40,000 ಕೂಡ ಉಂಟು. ಮುಂದಿನದು ಟ್ರಾನ್ಸ್‌ಡ್ಯೂಸರ್. ಗ್ಯಾಸ್ ಲೈಟರ್ ಗೊತ್ತಲ್ಲ, ಒಳಗಿನ ಪೀಜೋ ಹರಳಿಗೆ ಪೆಟ್ಟು ಬಿದ್ದರೆ ಕಿಡಿ ಹಾರುತ್ತದೆ. ಇಲ್ಲಿ ಅದರ ತಿರುಗುಮುರುಗು: ವಿದ್ಯುತ್ ಕೊಟ್ಟರೆ ಪೀಜೋ ಬಿಲ್ಲೆಗಳು ಹಿಗ್ಗಿ ಕುಗ್ಗುತ್ತವೆ. ಬೂಸ್ಟರ್ ಆ ಕಂಪನದ ಪಾರವನ್ನು ಹೊಂದಿಸುತ್ತದೆ. ಹಾರ್ನ್ ಎಂಬ ಲೋಹದ ತುಂಡು ಅದನ್ನು ವಸ್ತುವಿಗೆ ಮುಟ್ಟಿಸುತ್ತದೆ.

ಹಾರ್ನ್ ಎಷ್ಟುದ್ದ ಇರಬೇಕು? ಲೆಕ್ಕ ಹಲಗೆಯ ಮೇಲೇ ಮಾಡಿಸಿ. ಟೈಟಾನಿಯಂ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಅದನ್ನು 20,000ದಿಂದ ಭಾಗಿಸಿದರೆ ತರಂಗಾಂತರ 25 ಸೆಂಟಿಮೀಟರ್. ಅನುರಣನಕ್ಕೆ ಅದರ ಅರ್ಧ ಸಾಕು, ಅಂದರೆ 12.5 ಸೆಂಟಿಮೀಟರ್. ಆಕಾರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಪಠ್ಯದಲ್ಲಿರುವ ಸೂತ್ರ ಕಾರ್ಖಾನೆಯಲ್ಲಿ ಹೀಗೆ ದುಡಿಯುತ್ತದೆ ನೋಡಿ!

ಕೂಡಿಸಬೇಕಾದ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಸಣ್ಣ ತ್ರಿಕೋನದ ಏಣು ಬಿಟ್ಟಿರುತ್ತಾರೆ. ಒತ್ತಡ ಹಾಕಿ ಕಂಪಿಸಿದಾಗ ಶಾಖವೆಲ್ಲ ಅಲ್ಲೇ ಹುಟ್ಟಿ, ಬಹುಮಟ್ಟಿಗೆ ಒಂದು ಸೆಕೆಂಡಿನೊಳಗೆ ಏಣು ಕರಗುತ್ತದೆ. ಕಂಪನ ನಿಂತ ಮೇಲೂ ಒತ್ತಿ ಹಿಡಿದರೆ ಗಟ್ಟಿಯಾಗಿ ಕೂಡುತ್ತದೆ. ಬೇಕಲೈಟಿಗೆ ಇದು ಆಗದು. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಲಿಥಿಯಂ ಬ್ಯಾಟರಿಯೊಳಗಿನ ತೆಳು ತಾಮ್ರ, ಅಲ್ಯೂಮಿನಿಯಂ ಹಾಳೆಗಳನ್ನೂ ಹೀಗೇ ಬೆಸೆಯುತ್ತಾರೆ. ಆದರೆ ಲೋಹ ಕರಗುವುದಿಲ್ಲ. ಉಜ್ಜಾಟದಲ್ಲಿ ಮೇಲಿನ ಆಕ್ಸೈಡ್ ಪದರ ಒಡೆದು, ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗಿ ಬೆಸೆದುಕೊಳ್ಳುತ್ತದೆ.

ಇನ್ನೊಂದು ಮಾತು. ಹೊಸೂರು ಕಡೆಯ ನಮ್ಮ ಮಕ್ಕಳು ನಾಳೆ ಕಾರ್ಖಾನೆ ಸೇರಬಹುದು. "ಕೇಳಿಸದ ಶಬ್ದ ತಾನೇ, ಕಿವಿಗೇನೂ ಆಗಲ್ಲ" ಅಂದುಕೊಳ್ಳುವುದು ಸುಲಭ. 20,000 ಹರ್ಟ್ಸ್ ಕೇಳಿಸದೆ ಇರಬಹುದು. ಆದರೆ ಬೆಸೆಯುವ ಭಾಗಗಳೇ ಅದಕ್ಕಿಂತ ಕಡಿಮೆ ಆವೃತ್ತಿಯಲ್ಲಿ ಅದುರಿ ಕಿರುಚುತ್ತವೆ. ಕಿವಿರಕ್ಷಕ ಹಾಕಲೇಬೇಕು, ಕಂಪಿಸುವ ಹಾರ್ನ್ ಮುಟ್ಟಕೂಡದು. ಯಂತ್ರದ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲೇ ಇರಲಿ, ಅದರ ಕಾರಣವನ್ನು ಮಕ್ಕಳು ನಿಮ್ಮಿಂದ ಕನ್ನಡದಲ್ಲೇ ತಿಳಿದುಕೊಂಡು ಹೋಗಲಿ.