ಸುಣ್ಣ ಸುಟ್ಟ ಕಣ್ಣಿಗೆ ತನ್ನದೇ ಕೋಶಗಳ ನಾಟಿ

ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರವೆಂದು ಸೀಳಿ ನಾಲ್ವರಿಗೆ ಕಸಿ ಮಾಡಿದ ಸುದ್ದಿ ನಾಡಿನ ಮನೆಮನೆಗೂ ಮುಟ್ಟಿತು. ಕಾರ್ನಿಯಾದ ಸುತ್ತ ಉಳಿದ ಉಂಗುರದಂಥ ಅಂಚನ್ನು ಕಾಂಡಕೋಶಗಳ ಸಂಶೋಧನೆಗೆಂದು ಪ್ರಯೋಗಾಲಯಕ್ಕೆ ಕಳಿಸಿರುವುದಾಗಿಯೂ ಆಸ್ಪತ್ರೆ ಆಗಲೇ ತಿಳಿಸಿತ್ತು. ಆ ಮಾತು ಹೆಚ್ಚು ಚರ್ಚೆಗೆ ಬರಲಿಲ್ಲ; ನೇತ್ರದಾನವೆಂದರೆ ಕಾರ್ನಿಯಾ ಎಂಬಲ್ಲಿಗೇ ನಮ್ಮ ತಿಳಿವಳಿಕೆ ನಿಂತುಬಿಡುತ್ತದೆ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಕಣ್ಣಿಗೆ ಸುಣ್ಣವೋ ಆ್ಯಸಿಡ್ಡೋ ಸಿಡಿದು ದೃಷ್ಟಿ ಹೋದವರ ಪಾಲಿಗೆ ಮೊದಲು ಬೇಕಾದದ್ದು ಆ ಅಂಚೇ. ಅದನ್ನು ಮತ್ತೆ ಕಟ್ಟುವ ಚಿಕಿತ್ಸೆ ಭಾರಿ ಪ್ರಯೋಗಾಲಯದ ಹಂಗು ಬಿಟ್ಟು ಸಾಮಾನ್ಯ ಆಪರೇಷನ್ ಕೋಣೆಗೆ ಇಳಿದು ಬಂದಿದೆ. ಮಹಾನಗರದಿಂದ ದೂರವಿರುವ ಜಿಲ್ಲೆಗಳು ನೆಚ್ಚಿಕೊಳ್ಳಬೇಕಾದದ್ದು ಈ ಸರಳ ದಾರಿಯನ್ನೇ ಎಂಬುದು ನನ್ನ ವಾದ.

ಕಾರ್ನಿಯಾ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪರದೆ. ಅದರಲ್ಲಿ ರಕ್ತನಾಳಗಳಿಲ್ಲ. ಈ ದಪ್ಪದಲ್ಲಿ ಹತ್ತನೇ ಒಂದು ಪಾಲಿನಷ್ಟಿರುವ ಹೊರಪದರದ ಕೋಶಗಳು ರೆಪ್ಪೆಯ ಉಜ್ಜಾಟಕ್ಕೆ ದಿನವೂ ಉದುರುತ್ತವೆ. ವಾರ ಹತ್ತು ದಿನದಲ್ಲಿ ಇಡೀ ಪದರವೇ ಹೊಸದಾಗುತ್ತದೆ. ಈ ಹೊಸ ಕೋಶಗಳು ಹುಟ್ಟುವುದೆಲ್ಲಿ? 1986ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ಕೆರಾಟಿನ್ ಪ್ರೋಟೀನಿನ ಜಾಡು ಹಿಡಿದು, 1989ರಲ್ಲಿ ಬಹು ನಿಧಾನವಾಗಿ ವಿಭಜಿಸುವ ಕೋಶಗಳನ್ನು ಗುರುತಿಸಿ, ಮೂಲ ಕಾಂಡಕೋಶಗಳಿರುವುದು ಕರಿಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಗಡಿಯಲ್ಲಿ ಎಂದು ತೋರಿಸಿದರು. ಈ ಗಡಿಗೆ ಲಿಂಬಸ್ ಎಂದು ಹೆಸರು. ಕಾರ್ನಿಯಾಕ್ಕೆ ಹೊಸ ಕೋಶ ಒದಗಿಸುವುದರ ಜೊತೆಗೆ, ಬಿಳಿಗುಡ್ಡೆಯ ಮೇಲಿನ ರಕ್ತನಾಳ ತುಂಬಿದ ಪೊರೆ ಒಳಕ್ಕೆ ನುಗ್ಗದಂತೆ ತಡೆಯುವುದೂ ಇದರ ಕೆಲಸ. ಲಿಂಬಸ್ ಸುಟ್ಟುಹೋದರೆ ಎರಡೂ ಕೆಲಸ ನಿಲ್ಲುತ್ತವೆ. ಕಾರ್ನಿಯಾದ ಮೇಲಿನ ಗಾಯ ಮಾಯುವುದಿಲ್ಲ, ಪಕ್ಕದ ಪೊರೆ ತನ್ನ ನಾಳಗಳ ಸಮೇತ ಹಬ್ಬಿ ಮೇಲ್ಮೈ ಮಬ್ಬಾಗುತ್ತದೆ. ನೀರು ಸೋರುವ, ಬೆಳಕಿಗೆ ತೆರೆಯಲಾಗದ ಕಣ್ಣಷ್ಟೇ ಉಳಿಯುತ್ತದೆ.

ಇಂಥ ಕಣ್ಣಿಗೆ ದಾನಿಯ ಕಾರ್ನಿಯಾವನ್ನು ನೇರವಾಗಿ ಹೊಲಿದರೆ ಸಾಲದು. ಕಸಿಯ ಮೇಲಿರುವ ದಾನಿಯ ಹೊರಪದರ ಕ್ರಮೇಣ ಸವೆಯುತ್ತದೆ. ಆ ಜಾಗಕ್ಕೆ ರೋಗಿಯ ಲಿಂಬಸ್‌ನಿಂದಲೇ ಹೊಸ ಕೋಶ ಬರಬೇಕು. ಅಲ್ಲಿ ಕೋಶಗಳೇ ಇಲ್ಲದಿದ್ದರೆ ಹೊಸ ಕಾರ್ನಿಯಾವೂ ಹಳೆಯದರಂತೆ ಮಬ್ಬಾಗುತ್ತದೆ. ದಾನದ ಕಾರ್ನಿಯಾ ವಿರಳವಾಗಿರುವ ದೇಶದಲ್ಲಿ ಇದು ದುಬಾರಿ ನಷ್ಟ. ಹಾಗಾಗಿ ಮೊದಲು ಮೇಲ್ಮೈ ದುರಸ್ತಿಯಾಗಬೇಕು, ಕಾರ್ನಿಯಾ ಕಸಿ ಆಮೇಲೆ, ಅದೂ ಬೇಕೆನಿಸಿದರೆ ಮಾತ್ರ.

ಗದಗ ಸೀಮೆಯಲ್ಲಿ ಸುಣ್ಣ ಅಪರೂಪದ ರಾಸಾಯನಿಕವೇನಲ್ಲ. ಎಲೆಅಡಿಕೆಯ ಚಂಚಿಯಲ್ಲಿ, ತಂಬಾಕು ತಿಕ್ಕುವವರ ಕಿಸೆಯಲ್ಲಿ, ಹಬ್ಬಕ್ಕೆ ಗೋಡೆ ಬಳಿಯುವ ಬಕೆಟ್ಟಿನಲ್ಲಿ ಅದು ಇದ್ದೇ ಇರುತ್ತದೆ. ಪಾನ್ ಅಂಗಡಿಯ ಸುಣ್ಣದ ಪುಟ್ಟ ಪ್ಯಾಕೆಟ್ಟನ್ನು ಹಿಸುಕಿ ಆಡುವ ಮಕ್ಕಳ ಕಣ್ಣಿಗೆ ಅದು ಚಿಮ್ಮುತ್ತದೆ. ಮಕ್ಕಳ ಕಣ್ಣಿನ ರಾಸಾಯನಿಕ ಗಾಯಗಳಿಗೆ ಇದು ಮುಖ್ಯ ಕಾರಣವೆಂದು ದಿಲ್ಲಿಯ ವೈದ್ಯರು ದಾಖಲಿಸಿದ್ದಾರೆ. ಆ್ಯಸಿಡ್ ಬಿದ್ದಾಗ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ, ಎಷ್ಟೋ ವೇಳೆ ಆ ಹೆಪ್ಪೇ ಆ್ಯಸಿಡ್ಡಿಗೆ ಅಡ್ಡಗೋಡೆಯಾಗುತ್ತದೆ. ಸುಣ್ಣದಂಥ ಕ್ಷಾರ ಕೋಶಪೊರೆಯ ಕೊಬ್ಬನ್ನೇ ಕರಗಿಸುತ್ತ ಆಳಕ್ಕೆ ಇಳಿಯುತ್ತದೆ. ರೆಪ್ಪೆಯಡಿ ಸಿಕ್ಕಿಕೊಂಡ ಕಣ ತಾಸುಗಟ್ಟಲೆ ಸುಡುತ್ತಲೇ ಇರುತ್ತದೆ.

ಚಿಕಿತ್ಸೆಯ ಇತಿಹಾಸ ಮೂರು ಹೆಜ್ಜೆಗಳದ್ದು. 1989ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸೆಂಗ್ ರೋಗಿಯ ಒಳ್ಳೆಯ ಕಣ್ಣಿನ ಲಿಂಬಸ್‌ನಿಂದ ದೊಡ್ಡ ಪಟ್ಟಿಗಳನ್ನೇ ತೆಗೆದು ಸುಟ್ಟ ಕಣ್ಣಿಗೆ ಕಸಿ ಮಾಡಿದ ವರದಿ ಪ್ರಕಟಿಸಿದರು. ಫಲ ಸಿಕ್ಕಿತು, ಆದರೆ ಒಳ್ಳೆಯ ಕಣ್ಣೇ ದುರ್ಬಲವಾದೀತೆಂಬ ಅಂಜಿಕೆ ಉಳಿಯಿತು. 1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಸಂಗಡಿಗರು ಚಿಕ್ಕ ಚೂರೊಂದನ್ನು ಪ್ರಯೋಗಾಲಯದಲ್ಲಿ ಹಾಳೆಯಾಗಿ ಬೆಳೆಸಿ ಕಸಿ ಮಾಡಿದರು. ಇದೇ ಮುಂದೆ 2015ರಲ್ಲಿ ಹೊಲೊಕ್ಲಾರ್ ಎಂಬ ಹೆಸರಿನಲ್ಲಿ, ಕಾಂಡಕೋಶದ ಮೊದಲ ಔಷಧವಾಗಿ ಯುರೋಪಿನ ಅನುಮತಿ ಪಡೆಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯೂ ಕೋಶ ಬೆಳೆಸುವ ಈ ಹಾದಿಯಲ್ಲಿ ಬಹುಕಾಲ ನಡೆಯಿತು. ಅದೇ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಯೋಗಾಲಯವನ್ನೇ ಕೈಬಿಟ್ಟ ವಿಧಾನ ಪ್ರಕಟಿಸಿದರು. ಒಳ್ಳೆಯ ಕಣ್ಣಿನಿಂದ ಎರಡು ಮಿಲಿಮೀಟರ್ ಚದರದ ಚೂರು ತೆಗೆದು, ಅದನ್ನು ಎಂಟು ಹತ್ತು ತುಣುಕು ಮಾಡಿ, ಸುಟ್ಟ ಕಣ್ಣಿನ ಮೇಲೆ ಹೊದಿಸಿದ, ಗರ್ಭದಲ್ಲಿ ಮಗುವನ್ನು ಸುತ್ತುವರಿದಿರುವ ಆಮ್ನಿಯಾಟಿಕ್ ಪೊರೆಯ ಮೇಲೆ ಅಂತರ ಬಿಟ್ಟು ಫೈಬ್ರಿನ್ ಅಂಟಿನಿಂದ ಕೂರಿಸುವುದು, ಇಷ್ಟೇ. ಪೊರೆ ಹೆರಿಗೆಯಾದ ತಾಯಂದಿರು ದಾನ ಕೊಟ್ಟದ್ದು. ಮೆಣಸಿನ ಅಗಿಯನ್ನು ಸಾಲಿನಲ್ಲಿ ಬಿಡಿಬಿಡಿಯಾಗಿ ಹಚ್ಚಿದರೆ ನಡುವಿನ ನೆಲ ತಾನೇ ತುಂಬಿಕೊಳ್ಳುವಂತೆ, ಪ್ರತಿ ತುಣುಕಿನಿಂದ ಕೋಶಗಳು ಸುತ್ತ ಹಬ್ಬಿ ಕೆಲವೇ ವಾರಗಳಲ್ಲಿ ಒಂದನ್ನೊಂದು ಕೂಡುತ್ತವೆ. ಕೋಶ ಬೆಳೆಸುವ ಕೆಲಸವನ್ನು ಕಣ್ಣಿಗೇ ಒಪ್ಪಿಸಿದಂತಾಯಿತು.

ಇಷ್ಟು ಸುಲಭವಾದದ್ದು ಕಳಪೆಯಲ್ಲವೇ ಎಂಬುದು ಮೊದಲ ಆಕ್ಷೇಪ. ಪ್ರಯೋಗಾಲಯದಲ್ಲಿ ಕೋಶಗಳ ಗುಣ ಅಳೆಯಬಹುದು, ಇಲ್ಲಿ ಅಳತೆಯಿಲ್ಲ. ಆಕ್ಷೇಪಕ್ಕೆ ಆಧಾರವಿದೆ: 2010ರಲ್ಲಿ ಇಟಲಿಯ 112 ರೋಗಿಗಳ ವರದಿಯಲ್ಲಿ, ಬೆಳೆಸಿದ ಹಾಳೆಯಲ್ಲಿ ನಿಜವಾದ ಕಾಂಡಕೋಶಗಳ ಪ್ರಮಾಣ ಶೇ 3 ದಾಟಿದಾಗ ಯಶಸ್ಸು ಶೇ 78, ದಾಟದಿದ್ದಾಗ ಶೇ 11 ಮಾತ್ರ. ಆದರೆ ಇದೇ ಅಂಕಿಯಿಂದ ಇನ್ನೊಂದು ಮಾತೂ ಹೊರಡುತ್ತದೆ: ತಟ್ಟೆಯಲ್ಲಿ ಬೆಳೆಸಿದ ಮಾತ್ರಕ್ಕೆ ಕಾಂಡಕೋಶಗಳು ಸಾಕಷ್ಟು ಉಳಿಯುತ್ತವೆಂಬ ಖಾತರಿಯಿಲ್ಲ. ಫಲಿತಾಂಶ ನೋಡಿದರೆ, ಇಟಲಿಯ ಆ ವರದಿಯ ಒಟ್ಟು ಯಶಸ್ಸು ಶೇ 76.6, ಹೈದರಾಬಾದಿನಲ್ಲಿ ಕೋಶ ಬೆಳೆಸಿ ಚಿಕಿತ್ಸೆ ಪಡೆದ 200 ಜನರಲ್ಲಿ ಶೇ 71, ಸರಳ ವಿಧಾನದ 125 ಜನರ 2016ರ ವರದಿಯಲ್ಲಿ ಶೇ 76. ರೋಗಿಗಳೂ ಕಾಲಾವಧಿಯೂ ಬೇರೆಬೇರೆಯಾದ್ದರಿಂದ ಇವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಸರಳ ವಿಧಾನ ಹಿಂದೆ ಬಿದ್ದಿಲ್ಲವೆಂಬಷ್ಟು ಸ್ಪಷ್ಟ. ಆ 125 ಜನರಲ್ಲಿ 60 ಮಂದಿ ಮಕ್ಕಳೆಂಬುದೂ ಗಮನಾರ್ಹ. ಯಶಸ್ಸೆಂದರೆ ಇಲ್ಲಿ ಗಟ್ಟಿಯಾಗಿ ನಿಂತ ಮೇಲ್ಮೈ. ಆಳದಲ್ಲಿ ಕಲೆ ಉಳಿದವರಿಗೆ ಮುಂದೆ ಕಾರ್ನಿಯಾ ಕಸಿಯೂ ಬೇಕಾದೀತು.

ಎರಡೂ ಕಣ್ಣು ಸುಟ್ಟವರ ಗತಿಯೇನು ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಅಂಥವರಿಗೆ ತಮ್ಮದೇ ಕೋಶ ಸಿಗದು. ರಕ್ತಸಂಬಂಧಿಯಿಂದಲೋ ದಾನದ ಕಣ್ಣಿನ ಅಂಚಿನಿಂದಲೋ ಪಡೆಯಬೇಕು, ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳನ್ನು ದೀರ್ಘಕಾಲ ನುಂಗಬೇಕು. ಪ್ರಯೋಗಾಲಯದ ನಿಜವಾದ ಅಗತ್ಯವಿರುವುದು ಇಲ್ಲಿ. ಜಪಾನಿನ ಒಸಾಕಾದ ಕೋಜಿ ನಿಶಿದಾ ತಂಡ 2019ರಿಂದ ನಾಲ್ವರಿಗೆ, ಇತರ ದೇಹಕೋಶಗಳನ್ನೇ ಕಾಂಡಕೋಶವಾಗಿ ಪರಿವರ್ತಿಸಿ ಬೆಳೆಸಿದ ಕಾರ್ನಿಯಾ ಹಾಳೆಗಳನ್ನು ಕಸಿ ಮಾಡಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದೆ. ಭರವಸೆಯ ಹಾದಿಯಿದು, ಆದರೆ ಇನ್ನೂ ಆರಂಭದ್ದು. ಅದಕ್ಕೆ ಕಾಯುತ್ತ ಒಂದೇ ಕಣ್ಣು ಸುಟ್ಟವರನ್ನೂ ಕೂರಿಸಿದರೆ ಅದು ಅನ್ಯಾಯ. ಕಾಂಡಕೋಶದ ಹೆಸರಿನಲ್ಲಿ ಎಲ್ಲ ರೋಗಕ್ಕೂ ಚುಚ್ಚುಮದ್ದು ಮಾರುವವರ ಸಾಲಿಗೆ ಇದನ್ನು ಸೇರಿಸುವುದೂ ತಪ್ಪು. ಅಂಥ ವ್ಯಾಪಾರ ಅನೈತಿಕವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸಾರಿದೆ. ಇಲ್ಲಿ ಲಿಂಬಸ್‌ನ ಕೋಶ ಹೋಗುವುದು ಲಿಂಬಸ್‌ನ ಕೆಲಸಕ್ಕೇ, ಆದ ಫಲವನ್ನು ವೈದ್ಯರು ಸ್ಲಿಟ್ ಲ್ಯಾಂಪಿನಡಿ ಕಣ್ಣಾರೆ ನೋಡಬಹುದು.

ತಡೆಯಬಹುದಾದ ಗಾಯಕ್ಕೆ ಇಷ್ಟೆಲ್ಲ ಚಿಕಿತ್ಸೆ ಏಕೆ ಎನ್ನುವವರ ಮಾತು ಅರ್ಧ ಸರಿ. ಸುಣ್ಣ ಬಿದ್ದ ಕ್ಷಣದಲ್ಲೇ ಶುದ್ಧ ನೀರಿನಿಂದ ಕನಿಷ್ಠ ಕಾಲು ತಾಸು, ಸಾಧ್ಯವಾದರೆ ಅರ್ಧ ತಾಸು ತೊಳೆದು, ಹಾಲು, ಎಣ್ಣೆ, ಹರಳೆಣ್ಣೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಿದರೆ ಲಿಂಬಸ್ಸಿನ ಎಷ್ಟೋ ಭಾಗ ಉಳಿದೀತು. ಆದರೆ ಈಗಾಗಲೇ ಕಣ್ಣು ಕಳೆದುಕೊಂಡ ಹುಡುಗನಿಗೆ ಆ ಉಪದೇಶದಿಂದ ಉಪಯೋಗವಿಲ್ಲ. ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ಈ ಶಸ್ತ್ರಚಿಕಿತ್ಸೆ ನಡೆಯಲೇಬೇಕೆಂದಿಲ್ಲ. ಅದಕ್ಕೆ ಕಾರ್ನಿಯಾದಲ್ಲಿ ಪಳಗಿದ ವೈದ್ಯರು, ಪರೀಕ್ಷಿಸಿ ಕಾಪಿಟ್ಟ ಪೊರೆ, ಅಂಟು ಬೇಕು. ತಾಲ್ಲೂಕು ಆಸ್ಪತ್ರೆ ಕಣ್ಣು ತೊಳೆದು ರೆಪ್ಪೆ ಮಗುಚಿ ಸುಣ್ಣದ ಕಣ ತೆಗೆಯುವುದು, ಗದಗಿನ ವೈದ್ಯಕೀಯ ಕಾಲೇಜು ಲಿಂಬಸ್‌ನ ಹಾನಿಯನ್ನು ಗುರುತಿಸಿ ಉರಿಯೂತ ಇಳಿಸುವುದು, ತಿಂಗಳುಗಳ ಬಳಿಕ ಕಣ್ಣು ಶಾಂತವಾದಾಗ ಹುಬ್ಬಳ್ಳಿಯಂಥ ಹತ್ತಿರದ ಊರಿನಲ್ಲಿ ಕಸಿಯಾಗುವುದು, ಹನಿ ಔಷಧ ಮತ್ತು ತಪಾಸಣೆ ಮತ್ತೆ ತಾಲ್ಲೂಕಿನಲ್ಲೇ ಸಿಗುವುದು; ಈ ಸರಪಳಿಯಲ್ಲಿ ಕೋಟಿ ಬೆಲೆಯ ಯಂತ್ರ ಒಂದೂ ಇಲ್ಲ. ಕೋಶ ಬೆಳೆಸುವ ಪ್ರಯೋಗಾಲಯವಿಲ್ಲ ಎಂಬ ಕಾರಣವನ್ನು ವಿಜ್ಞಾನವೇ ತೆಗೆದುಹಾಕಿರುವಾಗ, ಉಳಿದ ಕೊರತೆ ತರಬೇತಿ ಮತ್ತು ವ್ಯವಸ್ಥೆಯದು. ಅದನ್ನು ತುಂಬುವ ಹೊಣೆ ಆರೋಗ್ಯ ಇಲಾಖೆಯದು.