ನೀರ ನಡುವೆ ಉರಿಯುವ ಬೆಂಕಿ

ದೀಪ ಆರಿಸಿ ಎಂದರು. ಹಗಲು ಹನ್ನೊಂದು ಗಂಟೆ. ಶೆಡ್ಡಿನ ಒಂದೇ ಒಂದು ಕಿಟಕಿಗೆ ಆಗಲೇ ಹಳೆಯ ಕಂಬಳಿ ಇಳಿಬಿಟ್ಟಿದ್ದರು. ದೀಪವೂ ಆರಿದ ಮೇಲೆ ಉಳಿದದ್ದು ನಮ್ಮಿಬ್ಬರ ಕೈಯಲ್ಲಿದ್ದ ಗ್ಯಾಸ್ ಟಾರ್ಚುಗಳ ನೀಲಿ ಉರಿ ಮಾತ್ರ. ಬೆಂಕಿ ಇಟ್ಟಿಗೆಗಳನ್ನು ಮೂರು ಕಡೆ ಪೇರಿಸಿ ಮಾಡಿದ ಪುಟ್ಟ ಗೂಡಿನಲ್ಲಿ ಒಂದು ತಾಮ್ರದ ವಸ್ತು ನಿಂತಿತ್ತು. ಹಾಲಿನ ತಂಬಿಗೆಯಷ್ಟು ದಪ್ಪ, ಒಂದು ತುದಿ ದುಂಡಗೆ, ಇನ್ನೊಂದು ತುದಿ ಚೌಕ. ಅದು ಬಾಯ್ಲರ್. ಮುಂದೊಂದು ದಿನ ಅದರ ಹೊಟ್ಟೆಯಲ್ಲಿ ಕಲ್ಲಿದ್ದಲು ಉರಿಯಬೇಕು, ನೀರು ಕುದಿಯಬೇಕು, ಆ ಉಗಿ ನಾಲ್ಕು ಗಾಲಿಗಳನ್ನು ತಿರುಗಿಸಿ ಒಬ್ಬ ದೊಡ್ಡ ಮನುಷ್ಯನನ್ನು ಎಳೆದುಕೊಂಡು ಹೋಗಬೇಕು.

ಕತ್ತಲೆ ಯಾಕೆಂದರೆ, ಕಾದ ತಾಮ್ರದ ಬಣ್ಣ ಬೆಳಕಿನಲ್ಲಿ ಮೋಸ ಮಾಡುತ್ತದೆ. ಕತ್ತಲಲ್ಲಿ ಮಾತ್ರ ಅದರ ನಿಜವಾದ ಕೆಂಪು ಕಾಣುತ್ತದೆ. ನನ್ನ ಕೆಲಸ ಒಂದೇ: ಹಿಂಬದಿಯಿಂದ ಕಾವು ಕೊಡುತ್ತಲೇ ಇರುವುದು, ಎಲ್ಲೂ ನಿಲ್ಲಿಸದಿರುವುದು. ಕೀಲಿಗೆ ಬಳಿದಿದ್ದ ಬಿಳಿ ಲೇಪ ಮೊದಲು ನೊರೆಯುಬ್ಬಿತು, ಆಮೇಲೆ ಒಣಗಿ ಹಿಟ್ಟಿನಂತಾಯಿತು, ಕೊನೆಗೆ ಕರಗಿದ ಗಾಜಿನಂತೆ ತಿಳಿಯಾಯಿತು. ನಮ್ಮ ಅಕ್ಕಸಾಲಿಗರು ಬಿಳಿಗಾರ ಹಾಕುವುದೂ ಕಲಾಯಿಯವನು ನವಸಾಗರ ಉಜ್ಜುವುದೂ ಇದೇ ಕಾರಣಕ್ಕೆ. ಲೋಹದ ಮೈ ಶುದ್ಧವಾಗಿರದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ತಾಮ್ರ ಮಸುಕು ಕೆಂಪಿಗೆ ಬಂದಾಗ ಹಿರಿಯರು ಬೆಳ್ಳಿ ಬೆಸುಗೆಯ ತಂತಿಯನ್ನು ಕೀಲಿಗೆ ಮುಟ್ಟಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಒಂದು ಹೊಳಪಿನ ಗೆರೆ ಎದ್ದು, ಮಳೆನೀರು ಅಂಗಳದ ಸಂದು ಹುಡುಕಿಕೊಂಡು ಹರಿಯುವ ಹಾಗೆ, ಸುತ್ತಲೂ ಓಡಿ ಬಂದು ತಾನು ಹೊರಟ ಜಾಗವನ್ನೇ ಸೇರಿತು. ನಾನು ಉಸಿರು ಬಿಟ್ಟದ್ದು ಆಗಲೇ.

ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಊರು. ಮಗಳ ಮನೆಗೆ ಹೋದವನು ಬೇಲಿಯಾಚೆಯ ಸುತ್ತಿಗೆ ಸದ್ದು ಕೇಳಿ ಪರಿಚಯ ಮಾಡಿಕೊಂಡೆ. ಎಪ್ಪತ್ತೆಂಟು ವರ್ಷದ ನೆರೆಮನೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೆಸರು ಹಾಕಬೇಡಿ ಎಂದರು, ಹಾಗಾಗಿ ಇಲ್ಲಿ ಅವರು ಬರೀ ಹಿರಿಯರು. ಹನ್ನೊಂದು ವರ್ಷದಿಂದ ಅವರು ಕಟ್ಟುತ್ತಿರುವುದು 'ಟಿಚ್' ಎಂಬ ಎಂಜಿನ್. ನಾಲ್ಕೇ ಗಾಲಿ, ಇಕ್ಕೆಲಗಳಲ್ಲಿ ನೀರಿನ ತೊಟ್ಟಿ, ಮೂರೂವರೆ ಇಂಚು ಅಗಲದ ಹಳಿ. ಸಂತೆಯಲ್ಲಿ ಕೊಂಡ ಕುಂಬಳಕಾಯಿಯಂತೆ ತೋಳಲ್ಲಿ ಎತ್ತಿಕೊಂಡು ನಡೆಯಬಹುದು. ಇಷ್ಟು ಸಣ್ಣದು ನಿಜವಾಗಿ ಮನುಷ್ಯನನ್ನು ಎಳೆಯುತ್ತದೆಯೇ? ನಾನು ಕೇಳಿದ ಮೊದಲ ಪ್ರಶ್ನೆ ಅದು. ನೂರು ವರ್ಷದ ಹಿಂದೆ ಇಡೀ ದೇಶದ ಹವ್ಯಾಸಿಗಳು ಇದೇ ಪ್ರಶ್ನೆಗೆ ಜಗಳವಾಡಿದ್ದರು ಎಂದು ಹಿರಿಯರು ಹೇಳಿದರು.

ಆ ಜಗಳ ಅರ್ಥವಾಗಲು ನಮ್ಮ ಬಚ್ಚಲುಮನೆಗೆ ಬರಬೇಕು. ನೀರು ಕಾಯಿಸಲು ನಮ್ಮಲ್ಲಿ ಎರಡು ಸಾಧನಗಳಿದ್ದವು. ಒಂದು ಹಂಡೆ: ಬೆಂಕಿ ಕೆಳಗೆ, ನೀರು ಮೇಲೆ. ಇನ್ನೊಂದು ತಾಮ್ರದ ಬಾಯ್ಲರ್, ಉತ್ತರ ಕರ್ನಾಟಕದವರ ಬಂಬ: ನೀರಿನ ನಟ್ಟನಡುವೆ ಒಂದು ಕೊಳವೆ, ಬೆಂಕಿ ಆ ಕೊಳವೆಯೊಳಗೆ. ಹಂಡೆಯ ಒಲೆಯಲ್ಲಿ ಅರ್ಧ ಶಾಖ ಗೋಡೆಗೇ ಹೋಗುತ್ತದೆ. ಬಾಯ್ಲರಿನಲ್ಲಿ ಬೆಂಕಿ ಯಾವ ಕಡೆ ತಿರುಗಿದರೂ ಎದುರಿಗೆ ನೀರೇ. ದೊಡ್ಡ ರೈಲಿನ ಎಂಜಿನ್ ಈ ಎರಡನೆಯ ಜಾತಿಗೆ ಸೇರಿದ್ದು. ಅದರ ಬೆಂಕಿಗೂಡಿನ ಸುತ್ತ ನೀರು, ಅಲ್ಲಿಂದ ಹೊರಟ ಬಿಸಿಗಾಳಿ ಹಾಯುವ ಹತ್ತಾರು ಕೊಳವೆಗಳ ಸುತ್ತಲೂ ನೀರು. ಆದರೆ ಸಣ್ಣ ಎಂಜಿನ್‌ಗಳಿಗೆ ಇದು ಆಗದ ಮಾತು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಸಣ್ಣವಕ್ಕೆ ಹಂಡೆಯ ಮಾದರಿಯೇ ಸರಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಸಾಕು ಎನ್ನುವುದು ಹೆನ್ರಿ ಗ್ರೀನ್ಲಿಯಂಥ ಹೆಸರಾಂತ ವಿನ್ಯಾಸಕಾರರ ಕಡೆಯ ವಾದ.

ಅವರ ಅಂಜಿಕೆಗೆ ಕಾರಣ ಇತ್ತು. ಎಂಜಿನ್ನಿನ ಉದ್ದ ಹದಿನಾರರಲ್ಲಿ ಒಂದು ಪಾಲಾದರೆ ಅದರ ಮೇಲ್ಮೈ 256ರಲ್ಲಿ ಒಂದು ಪಾಲು, ಒಳಗಿನ ಗಾತ್ರ 4096ರಲ್ಲಿ ಒಂದು ಪಾಲು. ಅಂದರೆ ಉಗಿ ತೀರಾ ಕಡಿಮೆ, ಅದನ್ನು ತಣಿಸುವ ಗೋಡೆ ಹೋಲಿಕೆಯಲ್ಲಿ ಬಹಳ ಹೆಚ್ಚು. ದೊಡ್ಡ ಎಂಜಿನ್ನಿನ ಎರಡಿಂಚಿನ ಕೊಳವೆಯನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ ಇಂಚಿನ ಎಂಟನೇ ಒಂದು ಭಾಗ. ಒಂದು ಗಳಿಗೆಯಲ್ಲಿ ಬೂದಿ ಕಟ್ಟಿಕೊಂಡು ಉಸಿರು ನಿಲ್ಲುತ್ತದೆ. ಮನುಷ್ಯ ಕಬ್ಬಿಣವನ್ನು ಎಷ್ಟಾದರೂ ಚಿಕ್ಕದು ಮಾಡಬಹುದು. ಬೆಂಕಿ ಮತ್ತು ನೀರು ಚಿಕ್ಕದಾಗಲು ಒಪ್ಪುವುದಿಲ್ಲ. ಈ ಕಸುಬಿನ ಸೊಗಸೆಲ್ಲ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವ ಪ್ರತಿಕೃತಿಗೆ ಈ ಕಷ್ಟ ಇಲ್ಲ, ಯಾಕೆಂದರೆ ಅದಕ್ಕೆ ಪ್ರಾಣ ಇಲ್ಲ.

ಆ ವಾದಕ್ಕೆ ಉತ್ತರ ಕೊಟ್ಟವರ ಲೇಖನನಾಮ 'ಎಲ್.ಬಿ.ಎಸ್.ಸಿ.' ಎಳೆಯ ವಯಸ್ಸಿನಲ್ಲಿ ದುಡಿದ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳನ್ನೇ ಸಹಿ ಮಾಡಿಕೊಂಡ ಮನುಷ್ಯ. ಓದುಗರ ಬಾಯಲ್ಲಿ ಕರ್ಲಿ ಲಾರೆನ್ಸ್. 1883ರಲ್ಲಿ ಹುಟ್ಟಿದವರು. ಎರಡೂವರೆ ಇಂಚು ಹಳಿಗೆ 'ಅಯೇಶಾ' ಎಂಬ ಎಂಜಿನ್ ಕಟ್ಟಿ, ಅದಕ್ಕೆ ದೊಡ್ಡ ಎಂಜಿನ್ನಿನ ಹಾಗೇ ಕಲ್ಲಿದ್ದಲು ಹಾಕಿ, ಹಿಂದೆ ತಾವೇ ಕೂತು ಓಡಿಸಿದರು. ಗುಟ್ಟು ಇಷ್ಟೇ: ಕೊಳವೆಗಳನ್ನು ಲೆಕ್ಕದ ಪ್ರಕಾರ ಸಣ್ಣದು ಮಾಡಲಿಲ್ಲ, ಸಂಖ್ಯೆ ಇಳಿಸಿ ದಪ್ಪ ಉಳಿಸಿಕೊಂಡರು. 1920ರ ದಶಕದ ಮೊದಲ ವರ್ಷಗಳ ಈ ಪ್ರಸಂಗಕ್ಕೆ 'ಬಾಯ್ಲರುಗಳ ಯುದ್ಧ' ಎಂದೇ ಹೆಸರು. ಕಾಗದದ ಮೇಲೆ ಮುಗಿಯದ ಜಗಳ ಹಳಿಯ ಮೇಲೆ ಮುಗಿಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆಯನ್ನು ಪರ್ಸಿವಲ್ ಮಾರ್ಷಲ್ 1898ರಲ್ಲಿ ಶುರು ಮಾಡಿದ್ದರು. ಅದರಲ್ಲಿ 1924ರಿಂದ ಎಲ್.ಬಿ.ಎಸ್.ಸಿ. ಬರೆಯತೊಡಗಿದರು. 1967ರಲ್ಲಿ ತೀರಿಕೊಳ್ಳುವ ತನಕದ ನಾಲ್ಕು ದಶಕಗಳ ಹರವಿನಲ್ಲಿ, ನಡುವೆ ಬಿಡುವಿದ್ದರೂ, ಎಂಜಿನ್ ಮೇಲೆ ಎಂಜಿನ್ ಕಂತುಗಳಲ್ಲಿ ಬಂದವು: ಜೂಲಿಯೆಟ್, ಡೋರಿಸ್, ಮೈಸೀ, ಪಮೇಲಾ, ಟಿಚ್. ಈ ವಾರ ಚೌಕಟ್ಟು ಕೊರೆಯಿರಿ, ಮುಂದಿನ ವಾರ ಗಾಲಿ ಕಡೆಯಿರಿ. ನಕ್ಷೆ ಮತ್ತು ವಿವರಣೆ ಸೇರಿದ ಈ ಬರಹಗಳಿಗೆ ಅವರೇ ಇಟ್ಟ ಹೆಸರನ್ನು ಕನ್ನಡದಲ್ಲಿ 'ಸಾಹಿತ್ಯ-ಸಂಗೀತ' ಎನ್ನಬಹುದು. ಓದುಗರು ಗುಮಾಸ್ತರು, ಫಿಟ್ಟರುಗಳು, ಅಡುಗೆಮನೆಯ ಮೇಜಿನ ಮೇಲೆ ಅರ ಹಿಡಿದು ಕೂತವರು. ಅವರಿಗೆ ಪಕ್ಕದಲ್ಲಿ ನಿಂತು ಹೇಳುವ ಧಾಟಿಯಲ್ಲಿ ಬರೆದರು. ಹಿರಿಯರ ಬಳಿ ಇದ್ದ ಟಿಚ್ ಪುಸ್ತಕದ ಅಂಚುಗಳಲ್ಲಿ ಎಣ್ಣೆಯ ಬೆರಳಗುರುತು. ಪುಟ ತಿರುಗಿಸುವಾಗ ಅವರು ಆ ಬರಹಗಾರರನ್ನು, ಪಕ್ಕದ ಬೆಂಚಿನ ಮೇಸ್ತ್ರಿಯನ್ನು ನೆನೆಯುವ ಹಾಗೆ, "ಅವನು ಹೇಳ್ತಾನೆ" ಎಂದು ವರ್ತಮಾನ ಕಾಲದಲ್ಲೇ ಮಾತಾಡುತ್ತಿದ್ದರು.

ಇತಿಹಾಸವನ್ನು ಇನ್ನೂ ಹಿಂದಕ್ಕೆ ಎಳೆದರೆ ಒಂದು ಸೋಜಿಗ ಎದುರಾಗುತ್ತದೆ. ಹಳಿಯ ಮೇಲೆ ಓಡುವ ದೊಡ್ಡ ಎಂಜಿನ್ನಿಗಿಂತ ಮೊದಲೇ ಸಣ್ಣದೊಂದು ಹುಟ್ಟಿತ್ತು. ವಿಲಿಯಂ ಮರ್ಡಾಕ್ 1784ರಲ್ಲಿ ಕಾರ್ನ್‌ವಾಲ್‌ನ ರೆಡ್ರುತ್ ಊರಿನಲ್ಲಿ ಮೂರು ಗಾಲಿಯ ಪುಟ್ಟ ಉಗಿಗಾಡಿ ಮಾಡಿದ್ದ. ರಾತ್ರಿ ಹೊತ್ತು ಹೊರಗೆ ಬಿಟ್ಟಾಗ ಊರಿನ ಪಾದ್ರಿ ಅದನ್ನು ಸೈತಾನನೆಂದು ಬಗೆದು ಕೂಗಿಕೊಂಡರೆಂಬ ಕಥೆ ಇದೆ. ಇಪ್ಪತ್ತು ವರ್ಷಗಳ ನಂತರ, 1804ರ ಫೆಬ್ರವರಿ 21ರಂದು, ಅದೇ ಕಾರ್ನ್‌ವಾಲ್‌ನ ರಿಚರ್ಡ್ ಟ್ರೆವಿತಿಕ್ ವೇಲ್ಸ್‌ನ ಮರ್ಥರ್ ಟಿಡ್ವಿಲ್‌ನಲ್ಲಿ ಹತ್ತು ಟನ್ ಕಬ್ಬಿಣವನ್ನೂ ಎಪ್ಪತ್ತು ಜನರನ್ನೂ ಹಳಿಯ ಮೇಲೆ ಎಂಜಿನ್ನಿನಿಂದ ಎಳೆಸಿದ. ಮರ್ಥರ್ ಎಂಬ ಹೆಸರು ನೆನಪಿರಲಿ, ಅದು ಮತ್ತೆ ಬರುತ್ತದೆ.

ಟಿಚ್‌ನ ಉಳಿದ ಅಂಗಗಳನ್ನು ಮಾಡುವ ಬಗೆ ಇಲ್ಲಿ ಚುಟುಕಾಗಿ ಸಾಕು. ಉಕ್ಕಿನ ಪಟ್ಟಿಯಿಂದ ಚೌಕಟ್ಟು, ಎರಕದ ಕಬ್ಬಿಣದ ಗಾಲಿಗಳನ್ನು ಲೇತ್‌ನಲ್ಲಿ ಕಡೆಯುವುದು, ಸಿಲಿಂಡರಿಗೆ ರಂಧ್ರ ಕೊರೆದು ಪಿಸ್ಟನ್ ಕೂಡಿಸುವುದು, ಉಗಿ ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ಹೇಳುವ ಕಡ್ಡಿ-ಕೀಲುಗಳ ಜೋಡಣೆ. ವರ್ಷಗಳ ಕೆಲಸವೇ. ಆದರೆ ನನ್ನ ಕಣ್ಣು ಬಾಯ್ಲರಿನಿಂದ ಕದಲಲಿಲ್ಲ.

ತಾಮ್ರದ ತಗಡನ್ನು ಅಚ್ಚಿನ ಮೇಲಿಟ್ಟು ಕೊಡತಿಯಿಂದ ಅಂಚು ಮಡಿಸುತ್ತಾರೆ. ನಾಲ್ಕು ಪೆಟ್ಟಿಗೆ ತಾಮ್ರ ಹಟಮಾರಿಯಾಗುತ್ತದೆ, ಬಾಗುವುದಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮಿದುವಾಗುತ್ತದೆ. ಬಡಿ, ಕಾಯಿಸು, ಅದ್ದು, ಬಡಿ. ಬೆಂಕಿಗೂಡಿನ ಚಪ್ಪಟೆ ಗೋಡೆಗಳು ಉಬ್ಬದಂತೆ ಒಳತಗಡಿಗೂ ಹೊರತಗಡಿಗೂ ನಡುವೆ ಸಾಲು ಸಾಲಾಗಿ ತಾಮ್ರದ ಕಡ್ಡಿಗಳನ್ನು ತೂರಿಸಿ ಬೆಸೆಯುತ್ತಾರೆ. ಯಾಕೆ ಇಷ್ಟು ಜಾಗ್ರತೆ? ಕಾರಿನ ಟೈರಿಗೆ ನಾವು ಚದರ ಇಂಚಿಗೆ 32 ಪೌಂಡ್ ಗಾಳಿ ತುಂಬಿಸುತ್ತೇವೆ. ಈ ಬಾಯ್ಲರ್ ದುಡಿಯುವುದು 80 ಪೌಂಡಿನಲ್ಲಿ. ಮೂರಿಂಚು ಉದ್ದ, ಮೂರಿಂಚು ಅಗಲದ ಒಂದು ಗೋಡೆಯ ಮೇಲೆ 720 ಪೌಂಡ್, ಅಂದರೆ ಮೂರು ಕ್ವಿಂಟಾಲಿಗೂ ಹೆಚ್ಚು.

ಎಂಜಿನ್ ಓಡುವಾಗ ಕೇಳುವ 'ಛುಕ್ ಛುಕ್' ಸದ್ದಿನ ಮರ್ಮವೂ ನನಗೆ ತಿಳಿದದ್ದು ಅಲ್ಲೇ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಹೊಗೆಕೊಳವೆಯ ಬುಡದಲ್ಲಿ ಮೇಲ್ಮುಖವಾಗಿ ಬಿಡುತ್ತಾರೆ. ಅದು ನುಗ್ಗಿ ಹೋಗುವ ರಭಸಕ್ಕೆ ಹಿಂದಿನ ಹೊಗೆಯನ್ನೂ ಎಳೆದೊಯ್ಯುತ್ತದೆ, ಬೆಂಕಿಗೆ ಹೊಸಗಾಳಿ ಬೀಸುತ್ತದೆ. ಭಾರ ಹೆಚ್ಚಿದಷ್ಟೂ ಉಸಿರಾಟ ಜೋರು, ಉಸಿರಾಟ ಜೋರಾದಷ್ಟೂ ಬೆಂಕಿ ಜೋರು. ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುವ ಕುಲುಮೆ. ಚಿಕ್ಕಂದಿನಲ್ಲಿ ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜ್ ಎಂಜಿನ್ ಹೊರಡುವಾಗ ಅಷ್ಟು ದೊಡ್ಡ ನಿಟ್ಟುಸಿರು ಯಾಕೆ ಬಿಡುತ್ತದೆ ಎಂದು ಅಪ್ಪನನ್ನು ಕೇಳಿದ್ದೆ. ಉತ್ತರ ಸಿಕ್ಕಿದ್ದು ಐವತ್ತು ವರ್ಷದ ಮೇಲೆ, ಯಾರದೋ ಹಿತ್ತಲಿನಲ್ಲಿ.

ಬಾಯ್ಲರಿನ ಪರೀಕ್ಷೆ ಸಣ್ಣ ಎಂಜಿನ್ ಕಟ್ಟುವವರ ಕ್ಲಬ್ಬಿನಲ್ಲಿ. ಅಲ್ಲಿನ ಪರೀಕ್ಷಕರೂ ಸಂಬಳವಿಲ್ಲದ ಹವ್ಯಾಸಿಗಳೇ. ಮೊದಲ ಪರೀಕ್ಷೆ ಉಗಿಯಿಂದಲ್ಲ, ತಣ್ಣೀರಿನಿಂದ. ನೀರನ್ನು ಹಿಸುಕಿದರೆ ಅದು ಕುಗ್ಗುವುದಿಲ್ಲ. ಕೀಲು ಬಿಟ್ಟರೆ ಒಂದು ತೊಟ್ಟು ಸುರಿದು ಒತ್ತಡ ಬಿದ್ದುಹೋಗುತ್ತದೆ, ಅಷ್ಟೇ. ಅದೇ ಉಗಿಯಾಗಿದ್ದರೆ ಸಿಡಿಯುತ್ತದೆ. ಕೈಪಂಪಿನಿಂದ ದುಡಿಮೆಯ ಒತ್ತಡದ ಎರಡು ಪಟ್ಟು, 160 ಪೌಂಡಿಗೆ ಏರಿಸಿದರು. ಮಾಪಕದ ಮುಳ್ಳು ನಿಂತಿತು. ಯಾರೂ ಮಾತಾಡಲಿಲ್ಲ. ಪರೀಕ್ಷಕರು ಟಾರ್ಚ್ ಹಿಡಿದು ಒಂದೊಂದೇ ಕಡ್ಡಿಯ ತಲೆಯನ್ನು ನೋಡುತ್ತ ಬಂದವರು ಒಂದು ಕಡೆ ನಿಂತರು. ಸಾಸಿವೆ ಕಾಳಿನಷ್ಟು ನೀರು. ಹಿರಿಯರು ಅದನ್ನು ಬೆರಳಿನಿಂದ ಒರೆಸಿದರು. ಮತ್ತೆ ಬಂತು. ಬಾಯ್ಲರನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಯಿಂದ ಕರೆತರುವಂತೆ, ಮನೆಗೆ ತಂದೆವು. ಮತ್ತೆ ಕಂಬಳಿ, ಮತ್ತೆ ಕತ್ತಲೆ. ಈ ಸಲದ ಭಯವೇ ಬೇರೆ: ಒಂದು ಕೀಲನ್ನು ಸರಿಪಡಿಸಲು ಕೊಟ್ಟ ಕಾವು ಹಳೆಯ ಕೀಲುಗಳನ್ನು ಕರಗಿಸಬಾರದು. ಎರಡು ವಾರದ ಮೇಲೆ ಮುಳ್ಳು ನಿಂತಲ್ಲೇ ನಿಂತಿತು, ಎಲ್ಲೂ ಹನಿ ಇಲ್ಲ. ಪರೀಕ್ಷಕರು ಕಾಗದಕ್ಕೆ ಸಹಿ ಹಾಕಿ ಕೈಕುಲುಕಿದರು.

ಭಾನುವಾರ ಪಾರ್ಕಿನಲ್ಲಿ ಕ್ಲಬ್ಬಿನ ಎಂಜಿನ್‌ಗಳು ಓಡುತ್ತವೆ. ಮಕ್ಕಳು ಸಾಲಾಗಿ ಕೂರುತ್ತಾರೆ. ಬಿಸಿ ಎಣ್ಣೆ, ಕಲ್ಲಿದ್ದಲಿನ ವಾಸನೆ. ಎಂಜಿನ್ ನಡೆಸುವವರ ತಲೆಗಳೆಲ್ಲ ಬಿಳಿ. ತಾಮ್ರದ ಬೆಲೆ ಏರಿದೆ, ಬೆಳ್ಳಿಯದೂ. ಹಳೆಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇತ್ತು, ಸುಲಭವಾಗಿ ಹರಿಯುತ್ತಿತ್ತು. ಹೊಗೆ ವಿಷವೆಂದು ಅದು ಹೋಯಿತು. ಹೋದದ್ದು ಒಳ್ಳೆಯದೇ. ಆದರೆ ಎಲ್ಲಕ್ಕಿಂತ ದೊಡ್ಡ ಚಿಂತೆ ಕಲ್ಲಿದ್ದಲಿನದು. ಈ ಪುಟ್ಟ ಬೆಂಕಿಗೂಡುಗಳಿಗೆ ಹೊಗೆ ಕಡಿಮೆಯ, ಶಾಖ ಹೆಚ್ಚಿನ ವೇಲ್ಸ್‌ನ ಕಲ್ಲಿದ್ದಲೇ ಒಗ್ಗಿದ್ದು. ಅದನ್ನು ಕಡಲೆಕಾಳಿನಷ್ಟಕ್ಕೆ ಒಡೆದು ಹಾಕುತ್ತಾರೆ. ಮರ್ಥರ್ ಟಿಡ್ವಿಲ್‌ನ ಫೋಸ್-ಅ-ವ್ರಾನ್ ಗಣಿ 2023ರ ನವೆಂಬರ್‌ನಲ್ಲಿ ಮುಚ್ಚಿತು. ಹಳಿಯ ಮೇಲೆ ಮೊದಲ ಎಂಜಿನ್ ಭಾರ ಎಳೆದ ಅದೇ ಊರು. ಭೂಮಿಯ ಬಿಸಿ ಏರುತ್ತಿರುವಾಗ ಗಣಿ ಮುಚ್ಚಬಾರದಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಿರಿಯರೂ ಹಾಗೆ ಹೇಳಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಮುಚ್ಚಳ ಬಿಗಿದ ಒಂದು ಡಬ್ಬಿ ತೋರಿಸಿದರು. ಅದರಲ್ಲಿ ಆ ಕಡೆಯ ಕಲ್ಲಿದ್ದಲು, ಟಿಚ್‌ನ ಮೊದಲ ಓಟಕ್ಕೆಂದು ಎತ್ತಿಟ್ಟದ್ದು. ಓಟಕ್ಕೆ ಇನ್ನೂ ಎರಡು ವರ್ಷ ಬೇಕಂತೆ.

ನನಗೆ ಅಕ್ಟೋಬರಿನಲ್ಲಿ ಹೊರಡಬೇಕಿತ್ತು. ಎಂಜಿನ್ನಿಗೆ ಆಗ ಬಾಯ್ಲರ್ ಕೂರಿಸಿದ್ದರು, ಹೊಗೆಕೊಳವೆ ಇನ್ನೂ ಇರಲಿಲ್ಲ.

ಮೈಸೂರಿಗೆ ಬಂದು ಮಹಡಿಯ ಮೂಲೆಯಿಂದ ನಮ್ಮ ಹಳೆಯ ತಾಮ್ರದ ಬಾಯ್ಲರನ್ನು ಎಳೆದು ಹುಣಸೆಹಣ್ಣಿನಿಂದ ತಿಕ್ಕಿದೆ. ಇಷ್ಟು ವರ್ಷ ಅದರ ನೀರಲ್ಲಿ ಮಿಂದವನು ಅದರ ಮೈಯನ್ನು ಒಮ್ಮೆಯೂ ನೋಡಿರಲಿಲ್ಲ. ಕಿಲುಬು ಹೋದ ಮೇಲೆ ಉದ್ದಕ್ಕೂ ಒಂದು ಹಳದಿ ಗೆರೆ ಕಂಡಿತು. ತಗಡಿನ ಎರಡು ಅಂಚುಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿ ಬೆಸೆದದ್ದು. ಎಲ್ಲೂ ಒಂದು ಕೂದಲಿನಷ್ಟು ಸಂದಿಲ್ಲ. ಯಾರು ಮಾಡಿದ್ದು ಎಂದು ಅಮ್ಮನನ್ನು ಕೇಳಿದೆ. ಪೇಟೆ ಬೀದಿಯ ಕಂಚುಗಾರ ಎಂದಳು. ಹೆಸರು ನೆನಪಿಗೆ ಬರಲಿಲ್ಲ. ನೀರು ತುಂಬಿಸಿ ಸಂಜೆಯವರೆಗೆ ಬಿಟ್ಟೆ. ಕೆಳಗೆ ಹಾಸಿದ್ದ ಕಾಗದ ಒಣಗಿಯೇ ಇತ್ತು.